ಸುರಕ್ಷತಾ ಫಲಕಕ್ಕೆ ಬಿಸಿಲು ತಾಗುತ್ತಿರುವ ಕುರಿತು

ಬಯಲು ಕಾಮಗಾರಿಗಳ ಸುರಕ್ಷತಾ ಅಧಿಕಾರಿಗಳ ತಂಪಾದ ಸನ್ನಿಧಾನಕ್ಕೆ,

ಮಾನ್ಯರೇ,

ಹೊಸ ಬಸ್ ನಿಲ್ದಾಣದ ಅಂಗಳಕ್ಕೆ ಕಲ್ಲು ಹಾಸುತ್ತಿರುವ ನಾವು ಏಳು ಮಂದಿ ಮೊಣಕಾಲೂರಿ ತಮಗೆ ನಮಸ್ಕರಿಸುತ್ತೇವೆ. ನಮ್ಮ ಕೆಲಸವೇ ಮೊಣಕಾಲೂರಿ ಮಾಡುವಂಥದ್ದಾದ್ದರಿಂದ ಇದನ್ನು ಅತಿವಿನಯವೆಂದು ತಿಳಿಯಬೇಕಾಗಿಲ್ಲ. ತಾವು ಕ್ಷೇಮ, ತಮ್ಮ ಕೊಠಡಿಯ ಎರಡೂ ಫ್ಯಾನುಗಳು ಕ್ಷೇಮ ಎಂದು ಭಾವಿಸಿದ್ದೇವೆ. ನಾನು ಈ ತಂಡದಲ್ಲಿ ರಸಮಟ್ಟ ಹಿಡಿಯುವವನು. ಹಾಸಿದ ಕಲ್ಲು ಎದ್ದಿದೆಯೋ ಕುಸಿದಿದೆಯೋ ನೋಡಿ ಹೇಳುವುದು ನನ್ನ ಕೆಲಸ. ಕಾಗದ ಬರೆಯುವಷ್ಟು ಅಕ್ಷರ ಕಲಿತವನು ನಾನೊಬ್ಬನೇ ಆದ್ದರಿಂದ ಇದರಲ್ಲಿ ತಪ್ಪಿದ್ದರೆ ಅದು ನನ್ನದು, ಸರಿಯಿದ್ದರೆ ಏಳೂ ಜನರದು.

ದೂರು ಆಮೇಲೆ, ಮೊದಲು ಉಪಕಾರ ಸ್ಮರಣೆ. ತಿಂಗಳ ಮೊದಲಲ್ಲಿ ತಾವು ನಮ್ಮ ಅಂಗಳದ ನಟ್ಟನಡುವೆ, ಎರಡು ಕಬ್ಬಿಣದ ಕಾಲುಗಳ ಮೇಲೆ, ಎಂಟಡಿ ಅಗಲ ನಾಲ್ಕಡಿ ಎತ್ತರದ ತಗಡಿನ ಫಲಕವೊಂದನ್ನು ನೆಡಿಸಿದಿರಿ. ಅದರಲ್ಲಿ ಬಿಸಿಲಿನಿಂದ ಕಾರ್ಮಿಕರನ್ನು ಕಾಪಾಡುವ ಒಂಬತ್ತು ನಿಯಮಗಳಿವೆ. ಅರ್ಧ ಗಂಟೆಗೊಮ್ಮೆ ನೀರು ಕುಡಿಯಬೇಕು, ಸಡಿಲವಾದ ಬಟ್ಟೆ ತೊಡಬೇಕು, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಿ ನೆರಳಿನಲ್ಲಿ ವಿಶ್ರಮಿಸಬೇಕು, ತಲೆ ಸುತ್ತಿದವರನ್ನು ಕೂಡಲೇ ನೆರಳಿಗೆ ಸಾಗಿಸಬೇಕು. ಒಂದೊಂದೂ ಚಿನ್ನದಂಥ ಮಾತು. ಈ ಅಂಗಳವನ್ನು ಮಟ್ಟ ಮಾಡುವಾಗ ಇಲ್ಲಿದ್ದ ಹನ್ನೊಂದು ಮರಗಳನ್ನು ಕಡಿದಿದ್ದರಿಂದ ನೆರಳು ಎಂಬ ಪದಾರ್ಥ ಎಲ್ಲಿ ಸಿಗುತ್ತದೆಂದು ಫಲಕದಲ್ಲಿ ಬರೆದಿಲ್ಲವಾದರೂ, ಎಂಟಡಿ ಅಗಲದ ತಗಡು ನಿಂತ ಮೇಲೆ ಅದರ ಬುಡದಲ್ಲೇ ಒಂದಿಷ್ಟು ಬಿದ್ದಿರುತ್ತದೆಂಬುದನ್ನು ನಾವೇ ಕಂಡುಕೊಂಡೆವು. ನಿಯಮಗಳು ಕಾರ್ಮಿಕರನ್ನು ಇಷ್ಟು ನೇರವಾಗಿ ಕಾಪಾಡಿದ್ದನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಆದರೆ ಫಲಕದ ಮುಖ ಪೂರ್ವದ ರಸ್ತೆಗಿರುವುದರಿಂದ ಒಂದು ಚಿಕ್ಕ ತೊಡಕಿದೆ. ಬೆಳಿಗ್ಗೆ ಅದರ ಬೆನ್ನಿಗೆ ಹಾಸಿಗೆಯಷ್ಟು ನೆರಳು ಬಿದ್ದಿರುತ್ತದೆ, ಆಗ ನಮಗೆ ಕೆಲಸ. ಹನ್ನೆರಡಕ್ಕೆ ಮೇಸ್ತ್ರಿ ಶಿಳ್ಳೆ ಹಾಕಿ ವಿಶ್ರಾಂತಿ ಕೊಡುವಾಗ ಸೂರ್ಯ ನೆತ್ತಿಯ ಮೇಲಿದ್ದು ನೆರಳು ಒಂದು ಚಪ್ಪಲಿಯ ಅಗಲಕ್ಕೆ ಬಂದಿರುತ್ತದೆ. ಮೂರಕ್ಕೆ ಇನ್ನೊಂದು ಮಗ್ಗುಲಿಗೆ ಹೊರಳಿ, ಇನ್ನೇನು ಮನುಷ್ಯರು ಮಲಗಬಹುದು ಎನ್ನುವಷ್ಟಾಗುವ ಹೊತ್ತಿಗೆ ಮತ್ತೆ ಶಿಳ್ಳೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಾಗಾಗಿ ಸರದಿ ಮಾಡಿಕೊಂಡು ಕೂರುತ್ತೇವೆ. ನನ್ನ ಹೆಂಡತಿಯ ತಮ್ಮನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಅವನಷ್ಟು ಉದ್ದಕ್ಕೆ ನೆರಳು ಒದಗಿಸುವುದು ಯಾವ ಸರ್ಕಾರದಿಂದಲೂ ಆಗದ ಮಾತು. "ಭಾವ, ಇವತ್ತು ನಂದು ತಲೆ ಸರದಿನೋ ಕಾಲು ಸರದಿನೋ?" ಎಂದು ಅವನು ದಿನವೂ ಕೇಳುತ್ತಾನೆ.

ಎರಡು ವಾರದ ಹಿಂದೆ, ಮಧ್ಯಾಹ್ನ ಒಂದೂವರೆಗೆ, ತಾವು ಇಲ್ಲಿಗೆ ದಯಮಾಡಿಸಿ, ಕಾರಿನ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ನಮ್ಮನ್ನು ನೋಡಿದ್ದು ನೆನಪಿರಬಹುದು. ಆಗ ನಾವು ಮುಖಕ್ಕಾದರೂ ನೆರಳು ಸಿಗಲೆಂದು ಮೂಗನ್ನು ತಗಡಿಗೆ ತಾಗಿಸಿ ಸಾಲಾಗಿ ಕುಳಿತಿದ್ದೆವು. ತಾವು ಫೋಟೊ ತೆಗೆದುಕೊಂಡು ಹೋಗಿ, ನಿಯಮಗಳನ್ನು ಓದುವುದರಲ್ಲಿ ಈ ತಂಡದವರಿಗಿರುವ ಶ್ರದ್ಧೆ ಇತರರಿಗೆ ಮಾದರಿ ಎಂದು ವರದಿ ಬರೆದಿರೆಂದು ಕೇಳಿ ನಮಗೆ ನಾಚಿಕೆಯೇ ಆಯಿತು. ನಮ್ಮಲ್ಲಿ ನಾಲ್ವರಿಗೆ ಓದು ಬರುವುದಿಲ್ಲ. ಆದರೂ ತಮ್ಮ ಮಾತು ಸುಳ್ಳಾಗಬಾರದೆಂದು ಅಂದಿನಿಂದ ನಾನು ದಿನವೂ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ.

ಇನ್ನು ಮುಂದಿನದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಕಳೆದ ಮಂಗಳವಾರ, ವಿಶ್ರಾಂತಿಗೆ ಇನ್ನೂ ಇಪ್ಪತ್ತು ನಿಮಿಷವಿರುವಾಗ, ಕಲ್ಲು ಹೊತ್ತು ತರುತ್ತಿದ್ದ ನನ್ನ ಅತ್ತಿಗೆ ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ನನ್ನ ಅಣ್ಣನ ಹೆಂಡತಿ. ನಾನು ಒಂಬತ್ತು ವರ್ಷದವನಿದ್ದಾಗಿನಿಂದ ನನಗೆ ಅನ್ನ ಬಡಿಸಿದವರು. ಒಂಬತ್ತನೆಯ ನಿಯಮದಂತೆ ಕೂಡಲೇ ನೆರಳಿಗೆ ಸಾಗಿಸಿದೆವು. ಅಲ್ಲಿದ್ದದ್ದು ಗೇಣಗಲದ ನೆರಳು. ಅದರುದ್ದಕ್ಕೆ ಅವರನ್ನು ಮಲಗಿಸಿ, ಉಳಿದದ್ದಕ್ಕೆ ನಾವೇ ಸುತ್ತ ಗೋಡೆಯಂತೆ ನಿಂತೆವು. ಮೇಸ್ತ್ರಿ ಸಿಮೆಂಟಿನ ಖಾಲಿ ಚೀಲ ಹಿಡಿದು ಬಗ್ಗಿದರು. ಅತ್ತಿಗೆಯ ಮೈ ಸುಡುತ್ತಿತ್ತು, ಬೆವರು ಮಾತ್ರ ನಿಂತುಹೋಗಿತ್ತು. ನನಗೆ ತುಂಬಾ ಭಯವಾಯಿತು, ಮಾನ್ಯರೇ. ಆಸ್ಪತ್ರೆಯಲ್ಲಿ ಕಣ್ಣು ಬಿಡುವವರೆಗೂ ನಾನು ಅವರ ಕೈ ಬಿಡಲಿಲ್ಲ.

ತಮ್ಮ ಕಚೇರಿಯವರು ಮರುದಿನವೇ ವಿಚಾರಣೆ ಮುಗಿಸಿ, ಬೆಳಗಿನ ಉಪಾಹಾರ ಸೇವಿಸದಿರುವುದೇ ಮೂರ್ಛೆಗೆ ಕಾರಣವೆಂದು ಬರೆದುಕೊಂಡರು. ಬಿಸಿಲಿಗೆ ಬಿದ್ದದ್ದಕ್ಕಿಂತ ಈ ಮಾತಿಗೆ ಅತ್ತಿಗೆಗೆ ಹೆಚ್ಚು ಸಂಕಟವಾಗಿದೆ. "ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದಿದ್ದೆ. ಬಿಸಿಲು ಮಾಡಿದ್ದಕ್ಕೆ ನನ್ನ ಅಡುಗೆಮನೆ ಮೇಲೆ ಯಾಕಪ್ಪಾ ಅಪವಾದ ಹೊರಿಸ್ತಾರೆ?" ಎಂದು ಹಾಸಿಗೆಯಲ್ಲೇ ಎದ್ದು ಕುಳಿತರು. ನಡುಮಧ್ಯಾಹ್ನ ಬಿಸಿಲಿನಲ್ಲಿರಕೂಡದು, ಇನ್ನೊಮ್ಮೆ ಹೀಗಾದರೆ ತಾನು ಏನೂ ಹೇಳಲಾರೆ ಎಂದು ವೈದ್ಯರು ಹೇಳಿದ್ದಾರೆ. ನಾವೆಲ್ಲ ಮನೆಯಲ್ಲಿರಿ ಎಂದರೆ, "ಮನೇಲಿ ತಗಡಿನ ಕೆಳಗೆ ಒಬ್ಬಳೇ ಬೇಯೋದಕ್ಕಿಂತ ಅಲ್ಲಿ ನಿಮ್ಮ ಜೊತೆ ಬೇಯ್ತೀನಿ ಬಿಡು" ಎಂದು ಸೋಮವಾರದಿಂದ ಬರಲು ಸಿದ್ಧರಾಗಿದ್ದಾರೆ. ನಮ್ಮ ನಮ್ಮ ಸರದಿಯನ್ನು ಅವರಿಗೇ ಬಿಟ್ಟುಕೊಡುವುದೆಂದು ಆರೂ ಜನ ತೀರ್ಮಾನಿಸಿದೆವು. ಉದ್ದಣ್ಣನೂ ಒಪ್ಪಿದ.

ಅಷ್ಟರಲ್ಲಿ ನಿನ್ನೆ ತಮ್ಮ ಆದೇಶ ಬಂತು. ತೀವ್ರ ಬಿಸಿಲಿನಿಂದ ಫಲಕದ ಬಣ್ಣ ಮಾಸಿ ಅಕ್ಷರಗಳು ಅಳಿಯುತ್ತಿರುವುದರಿಂದಲೂ, ಕಾರ್ಮಿಕರು ಈಗಾಗಲೇ ನಿಯಮಗಳನ್ನು ಮನನ ಮಾಡಿಕೊಂಡಿರುವುದರಿಂದಲೂ, ಸದರಿ ಫಲಕವನ್ನು ಸೋಮವಾರ ಬೆಳಿಗ್ಗೆ ಕಚೇರಿಯ ಒಳಪಡಸಾಲೆಗೆ ಸ್ಥಳಾಂತರಿಸತಕ್ಕದ್ದು ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದೆ. "ತಗಡಿಗೆ ಬಿಸಿಲು ತಾಗುತ್ತಂತಾ?" ಎಂದು ಮೇಸ್ತ್ರಿ ಕೇಳಿದರು, ಹೌದಂತೆ ಎಂದೆ.

ಒಂದು ತಗಡಿನ ಕಷ್ಟವನ್ನು ನಾಲ್ಕೇ ವಾರದಲ್ಲಿ ಅರಿತು, ಅದಕ್ಕೆ ನೆರಳು ಮಂಜೂರು ಮಾಡಿದ ತಮ್ಮ ಅಂತಃಕರಣವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಬಣ್ಣವೂ ಸಾಕಷ್ಟು ಮಾಸಿದೆಯೆಂಬುದನ್ನು ಇದೇ ಸಂದರ್ಭದಲ್ಲಿ ತಮ್ಮ ಗಮನಕ್ಕೆ ತರಬಯಸುತ್ತೇವೆ. ನಮ್ಮ ಮೇಲೆ ಏನೂ ಬರೆದಿಲ್ಲದಿರುವುದೇ ಅಡ್ಡಿಯಾಗಿದ್ದರೆ, ಬಣ್ಣ ಬರೆಯುವವರನ್ನು ಕಳುಹಿಸಿ ಒಬ್ಬೊಬ್ಬರ ಬೆನ್ನಿಗೂ ಒಂದೊಂದು ನಿಯಮ ಬರೆಯಿಸಬಹುದು. ಉಳಿಯುವ ಎರಡನ್ನು ಮೇಸ್ತ್ರಿಯವರ ಬೆನ್ನಿಗೆ ಬರೆಯಿಸಬಹುದು, ಅದು ವಿಶಾಲವಾಗಿದೆ. ಆಗ ನಮ್ಮನ್ನೂ ಪಡಸಾಲೆಗೆ ಸ್ಥಳಾಂತರಿಸಲು ಕಾನೂನಿನ ತೊಡಕು ಇರಲಾರದು.

ಅದು ಆಗದಿದ್ದರೆ ನಿಯಮಗಳನ್ನಾದರೂ ಹೆಚ್ಚಿಸಿ. ಒಂಬತ್ತಿರುವುದು ತೊಂಬತ್ತಾದರೆ ಫಲಕವೂ ಅದಕ್ಕೆ ತಕ್ಕಂತೆ ಬೆಳೆದು ಇಡೀ ಅಂಗಳಕ್ಕೆ ತಂಪಾದೀತು. ಏನು ಬರೆಯುವುದೆಂದು ತೋಚದಿದ್ದರೆ ಮೊದಲಿನವನ್ನೇ ಹತ್ತು ಸಲ ಬರೆಯಿರಿ, ಒಳ್ಳೆಯ ಮಾತನ್ನು ಎಷ್ಟು ಸಲ ಹೇಳಿದರೂ ತಪ್ಪಿಲ್ಲ. ಅದೂ ಕಷ್ಟವಾದರೆ ಕೊನೆಯದೊಂದು ವಿನಂತಿ. ಫಲಕ ನಿಂತು ನಿಂತು ದಣಿದಿದೆ, ಅದನ್ನು ಮಲಗಿಸಲು ಅಪ್ಪಣೆ ಕೊಡಿ. ಆಳೆತ್ತರದ ನಾಲ್ಕು ಕಂಬ ನೆಟ್ಟು, ಅಕ್ಷರಗಳು ನೆಲದ ಕಡೆಗಿರುವಂತೆ ಅದನ್ನು ಮೇಲೆ ಅಡ್ಡಲಾಗಿ ಇಟ್ಟರೆ ಬಣ್ಣಕ್ಕೆ ಬಿಸಿಲು ತಾಗುವುದಿಲ್ಲ, ನಿಯಮಗಳನ್ನು ಮಲಗಿಕೊಂಡೇ ಓದಬಹುದು, ನೆತ್ತಿಯ ಸೂರ್ಯನೂ ನಮ್ಮ ಕಡೆಗಾಗುತ್ತಾನೆ. ನೋಡಿದವರು ಅದನ್ನು ಚಪ್ಪರವೆಂದು ಕರೆದರೆ ಅದು ಅವರ ಅಜ್ಞಾನ. ಕಡತದಲ್ಲಿ ಅದು ಫಲಕವಾಗಿಯೇ ಉಳಿಯಲಿ.

ತಮ್ಮ ಪಡಸಾಲೆಯಲ್ಲಿ ಸದಾ ತಂಗಾಳಿ ಬೀಸುತ್ತಿರಲೆಂದು ಹಾರೈಸುತ್ತಾ, ಶನಿವಾರ ಸಂಜೆ, ಬೆವರು ತಾಗಿ ಅಲ್ಲಲ್ಲಿ ಶಾಯಿ ಹರಡಿರುವುದಕ್ಕೆ ಕ್ಷಮೆ ಕೋರಿ ಬರೆದು ಮುಗಿಸಿದ,

ತಮ್ಮ ವಿಶ್ವಾಸಿ,
ರಸಮಟ್ಟ ಹಿಡಿಯುವವನು
(ಮತ್ತು ಆರು ಮಂದಿಯ ಹೆಬ್ಬೆಟ್ಟು, ಸಹಿ)

ಮರೆತ ಮಾತು: ಇದನ್ನು ಸೋಮವಾರ ಮಧ್ಯಾಹ್ನ ಸೇರಿಸುತ್ತಿದ್ದೇನೆ. ತಮ್ಮ ಆದೇಶದಂತೆ ಬೆಳಿಗ್ಗೆಯೇ ಫಲಕವನ್ನು ಬಿಚ್ಚಿ ಕಚೇರಿಗೆ ಹೊತ್ತುಕೊಂಡು ಹೋದೆವು. ಪಡಸಾಲೆಗೆ ಬೀಗ ಹಾಕಿತ್ತು. "ಸಾಹೇಬ್ರು ಬಿಸಿಲು ಇಳಿದ ಮೇಲೇನೇ ಬರೋದು, ಕೀಲಿ ಅವರ ಹತ್ರಾನೇ ಇದೆ" ಎಂದು ಜವಾನರು ಹೇಳಿದರು. ಸರ್ಕಾರದ ಸ್ವತ್ತನ್ನು ಬಿಸಿಲಿನಲ್ಲಿ ಬಿಟ್ಟು ಬರಲು ಮನಸ್ಸಾಗದೆ, ಅಂಗಳಕ್ಕೇ ವಾಪಸು ತಂದು, ತಾತ್ಕಾಲಿಕವಾಗಿ ನಾಲ್ಕು ಕಂಬಗಳ ಮೇಲೆ ಮಲಗಿಸಿದ್ದೇವೆ. ಅಡಿಯಲ್ಲಿ ಅತ್ತಿಗೆ ನಿದ್ದೆ ಹೋಗಿದ್ದಾರೆ. ತಾವು ಯಾವಾಗ ಬೇಕಾದರೂ ಬಂದು ಫಲಕವನ್ನು ತೆಗೆದುಕೊಂಡು ಹೋಗಬಹುದು, ಎತ್ತಲು ನಾವೇ ಕೈಜೋಡಿಸುತ್ತೇವೆ. ಅವರನ್ನು ಎಬ್ಬಿಸುವ ಕೆಲಸ ಮಾತ್ರ ತಮ್ಮದು.