ಚಿಕ್ಕಪ್ಪನ ಕಾದಂಬರಿಯಲ್ಲಿ ಸತ್ತವರು

ನಾನು ಇದುವರೆಗೆ ಎರಡು ಸಲ ಸತ್ತಿದ್ದೇನೆ. ಎರಡು ಸಲವೂ ಕೊಂದವರು ನಮ್ಮ ಚಿಕ್ಕಪ್ಪ. ಟಿವಿ ಸದ್ದು ಜಾಸ್ತಿ ಮಾಡಿದ್ದಕ್ಕೆ ಮೊದಲ ಸಲ ಶಿರಾ ರಸ್ತೆಯಲ್ಲಿ ಕಡಲೆಕಾಯಿ ಲಾರಿಗೆ ಸಿಕ್ಕಿಸಿದರು. ಕಾಫಿಗೆ ಸಕ್ಕರೆ ಕಮ್ಮಿ ಹಾಕಿದ್ದಕ್ಕೆ ಎರಡನೆಯ ಸಲ ಮಧುಗಿರಿ ಬೆಟ್ಟದ ತುದಿಯಿಂದ ತಳ್ಳಿದರು. ತಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ತಳ್ಳುವುದಕ್ಕೆ ಮುಂಚೆ ಆ ಬೆಟ್ಟವನ್ನು ಪೂರ್ತಿ ಹತ್ತಿಸಿದರಲ್ಲ, ಅದಕ್ಕೆ ನನಗೆ ಇವತ್ತಿಗೂ ಕೋಪವಿದೆ.

ಗಾಬರಿಯಾಗಬೇಡಿ, ಇದೆಲ್ಲ ನಡೆದದ್ದು ಅವರ ಕಾದಂಬರಿಯೊಳಗೆ. ನಮ್ಮ ಚಿಕ್ಕಪ್ಪ ಮಧುಗಿರಿಯ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದವರು. ಊರಿನವರ ದೂರು, ತಕರಾರು, ತಗಾದೆಗಳನ್ನೆಲ್ಲ ಜೀವಮಾನವಿಡೀ ಟೈಪು ಮಾಡಿ ಮಾಡಿ, ಆ ಸಿಟ್ಟೆಲ್ಲ ಬೆರಳುಗಳ ಮೂಲಕ ಮೇಲಕ್ಕೆ ಹತ್ತಿ ಅವರ ತಲೆ ಸೇರಿತ್ತು. ಅಂಗಡಿ ಮುಚ್ಚಿದ ಮೇಲೆ ಕಾದಂಬರಿ ಶುರುಮಾಡಿದರು. ಯಾರ ಮೇಲೆ ಸಿಟ್ಟು ಬಂದರೂ ಅವರು ಆ ವಾರ ಕಾದಂಬರಿಗೆ ಬಂದು, ಮುಂದಿನ ವಾರದೊಳಗೆ ಸಾಯುತ್ತಿದ್ದರು. ಹಾಲಿನವನು ಸತ್ತ. ಗ್ಯಾಸಿನವನು ಸತ್ತ. ನಮ್ಮ ಬೀದಿಯ ಕೌನ್ಸಿಲರನ್ನು ಹಾವಿನಿಂದ ಕಚ್ಚಿಸಿ ಸಾಯಿಸಿ, ಸಮಾಧಾನವಾಗದೆ ಮತ್ತೆ ಬದುಕಿಸಿ ನೀರಿಗೆ ತಳ್ಳಿದರು.

"ಬರ್ಕೊಳ್ಲಿ ಬುಡಪ್ಪ," ಎನ್ನುತ್ತಿದ್ದರು ಚಿಕ್ಕಮ್ಮ. "ಮೊದ್ಲು ಪಾತ್ರೆ ಎತ್ತಿ ಎಸೀತಿದ್ರು. ಈಗ ಪೇಪರ್ ಮಾತ್ರ ಹಾಳು."

ಆದರೆ ಒಬ್ಬ ಮನುಷ್ಯ ಮಾತ್ರ ಆ ಕಾದಂಬರಿಯಲ್ಲಿ ಸಾಯುತ್ತಲೇ ಇರಲಿಲ್ಲ. ಅವನು ಖಳನಾಯಕ, ಪಾವಗಡದ ಕಡೆಯ ಮೀಸೆಯವನು. ಅವನನ್ನು ಬೇಗ ಕೊಂದುಬಿಟ್ಟರೆ ಉಳಿದ ಪುಟಗಳಲ್ಲಿ ಬೈಯಲು ಯಾರಿರುತ್ತಾರೆ? ಆ ಮೀಸೆಯವನು ಯಾರೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಚಿಕ್ಕಪ್ಪನ ತಂಗಿಯ ಗಂಡ, ಪಾವಗಡದ ನಮ್ಮ ಮಾವ.

ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಡೆದ ಜಗಳ ಅದು. ಅತ್ತೆಯ ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ಪಾವಗಡಕ್ಕೆ ಹೋಗಿ ಊಟಕ್ಕೆ ಕೂತವರು, ಮುದ್ದೆ ಮುರಿದ ಕೈಯಲ್ಲೇ ಎದ್ದು ಬಂದುಬಿಟ್ಟರು. ಕಾರಣ ಕೇಳಿದರೆ ಒಂದೇ ಮಾತು: "ಚಪ್ಪಲೀಲಿ ಹೊಡೀತೀನಿ ಅಂದ ಕಣ್ಲಾ. ನೆಂಟ್ರೆಲ್ಲ ಕೂತಿದ್ರು, ಅವ್ರ ಮುಂದೇನೇ ಅಂದ." ಅತ್ತೆ ಅತ್ತು ಕರೆದು, "ನಮ್ಮನೆಯವ್ರು ಅಂಗೆ ಅಂದೇ ಇಲ್ಲ ಕಣಣ್ಣ," ಎಂದು ಹೇಳಿ ಕಳಿಸಿದರೆ, "ಗಂಡನ ಪರ ವಹಿಸ್ಕೊಂಡು ಬಂದ್ಲು," ಎಂದು ಆಕೆಯ ಜೊತೆಗೂ ಮಾತು ಬಿಟ್ಟರು. ಅತ್ತೆಯ ಮಗನ ಮದುವೆಗೆ ಹೋಗಲಿಲ್ಲ. ಅವರ ಊರಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದರು. ಬಸ್ಸು ಏನು ಮಾಡಿತ್ತು, ಪಾಪ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಅತ್ತೆ ನನಗೆ ಫೋನ್ ಮಾಡಿದರು.

"ನಮ್ಮಣ್ಣನ್ನ ಒಂದ್ಸಲ ಕರ್ಕೊಂಡ್ ಬಾರಪ್ಪ. ಇವ್ರು ಬಾಗ್ಲು ಕಡೇನೇ ನೋಡ್ಕೊಂಡು ಕೂತಿರ್ತಾರೆ. ಡಾಕ್ಟ್ರು, ಇನ್ನೊಂದು ಸಲ ಹೊಡೆದ್ರೆ ಕಷ್ಟ ಅಂದವ್ರೆ."

ಚಿಕ್ಕಪ್ಪನಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ, "ಆ ನಾಲ್ಗೆಗೆ ಅದೇ ಆಗ್ಬೇಕಿತ್ತು," ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನಗೂ ಒಂದು ಕಾದಂಬರಿ ಬರೆಯಲು ಬಂದಿದ್ದರೆ ಅವತ್ತೇ ಒಂದು ಲಾರಿ ತರಿಸುತ್ತಿದ್ದೆ.

ಅಷ್ಟರಲ್ಲಿ ನಮ್ಮೂರಿನ ಒಂದು ಟ್ಯುಟೋರಿಯಲ್ ರೂಮಿನಲ್ಲಿ, ಕಾದಂಬರಿ ಬರೆಯುವವರಿಗೆ ಭಾನುವಾರದ ತರಗತಿ ಶುರುವಾಯಿತು. ವಾರಕ್ಕೆ ಒಂದು ದಿನವಾದರೂ ಮನೆ ತಣ್ಣಗಿರಲಿ ಎಂದು ಚಿಕ್ಕಪ್ಪನನ್ನು ಸೇರಿಸಿಬಿಟ್ಟೆ. ಊರವರು ನಕ್ಕರು. "ಕತೆ ಬರೆಯಾಕೂ ಟ್ಯೂಷನ್ನಾ?" ಈ ನಗುವವರನ್ನು ಕಂಡರೂ ನನಗೆ ಉರಿಯುತ್ತದೆ. ಕಾರು ಓಡಿಸುವುದನ್ನು ದುಡ್ಡು ಕೊಟ್ಟು ಕಲಿಯುತ್ತಾರೆ, ಕೇಕ್ ಮೇಲೆ ಗುಲಾಬಿ ಬಿಡಿಸುವುದನ್ನು ದುಡ್ಡು ಕೊಟ್ಟು ಕಲಿಯುತ್ತಾರೆ. ಇನ್ನೊಬ್ಬ ಮನುಷ್ಯನ ಕತೆ ಹೇಳುವುದು ಮಾತ್ರ ಇವರಿಗೆ ಹುಟ್ಟುತ್ತಲೇ ಬಂದುಬಿಟ್ಟಿದೆಯಂತೆ.

ಪಾಠ ಮಾಡುವವರು ನನ್ನ ವಯಸ್ಸಿನ ಒಬ್ಬ ಮೇಡಂ. ಚಿಕ್ಕಪ್ಪ ಮೊದಲ ದಿನ ಓದಿದರು: "ಸದರಿ ನಾಯಕಿಯು ಸದರಿ ತೋಟದಲ್ಲಿ ಸದರಿ ನಾಯಕನನ್ನು ಕಂಡು ನಾಚಿರುತ್ತಾಳೆ."

ಮೇಡಂ ಮೆಲ್ಲಗೆ, "ಸಾರ್, ಇವರಿಬ್ಬರೂ ಪ್ರೀತಿ ಮಾಡ್ತಿದ್ದಾರಾ, ಕೇಸು ಹಾಕ್ತಿದ್ದಾರಾ?" ಎಂದರು.

ಪಕ್ಕದಲ್ಲಿ ಶಿರಾದ ಹಾಸಿಗೆ ಅಂಗಡಿಯ ಸಾಹೇಬರು ಕೂತಿದ್ದರು, ಪತ್ತೇದಾರಿ ಕತೆ ಬರೆಯುವವರು. ಅವರೂ ಸೇರಿಕೊಂಡರು. "ನನ್ ಕತೇಲಿ ಒಂದ್ ಹೆಣ ಬೀಳ್ಸೋಕೆ ಒದ್ದಾಡ್ತಾ ಇದೀನಿ ಭಾಯಿ. ನಿಮ್ದ್ರಲ್ಲಿ ಪುಟಕ್ಕೊಂದು. ಒಂದೆರಡು ಸಾಲ ಕೊಡಿ."

ಮೇಡಂ ಆ ವಾರವೇ ಬಾವಿಗೆ ಬಿದ್ದರು, ಕಾದಂಬರಿಯಲ್ಲಿ. ಮುಂದಿನ ಭಾನುವಾರ ಚಿಕ್ಕಪ್ಪ ಅದನ್ನು ಧೈರ್ಯವಾಗಿ ಓದಿಯೂ ಬಿಟ್ಟರು. ಆಕೆ ಎಲ್ಲ ಕೇಳಿ, "ಬಾವಿಕಟ್ಟೆ ಮೇಲೆ ಬಿಟ್ಟುಹೋದ ಕನ್ನಡಕ ಬಹಳ ಚೆನ್ನಾಗಿದೆ ಸಾರ್," ಎಂದು ತಮ್ಮ ಕನ್ನಡಕ ಸರಿಮಾಡಿಕೊಂಡರು. ಅಲ್ಲಿಯವರೆಗೆ ಚಿಕ್ಕಪ್ಪನ ಬರವಣಿಗೆಯನ್ನು ಯಾರೂ ಹೊಗಳಿರಲಿಲ್ಲ. ಅವರು ಮನೆಗೆ ಬಂದವರೇ ಆಕೆಯನ್ನು ಬಾವಿಯಿಂದ ಎತ್ತಿಸಿದರು.

ಅದಾದ ಮೇಲೆ ಬಂತು ಜಗಳದ ಅಧ್ಯಾಯ. ಚಿಕ್ಕಪ್ಪ ಬರೆದಿದ್ದರು: "ಸದರಿ ಮೀಸೆಯವನು ನಾಯಕನಿಗೆ ಪಾದರಕ್ಷೆಯಿಂದ ಹೊಡೆಯುವುದಾಗಿ ಬೆದರಿಕೆ ಹಾಕಿರುತ್ತಾನೆ." ಮೇಡಂ ಒಪ್ಪಲಿಲ್ಲ.

"ಇದು ನಿಮ್ಮ ತೀರ್ಮಾನ ಸಾರ್. ನನಗೆ ತೀರ್ಮಾನ ಬೇಡ, ಅವನ ಮಾತು ಬೇಕು. ಅವನ ಬಾಯಿಂದ ಏನು ಬಂತೋ ಅದನ್ನ ಹಾಗೇ ಬರ್ಕೊಂಡು ಬನ್ನಿ."

ಆ ವಾರ ಚಿಕ್ಕಪ್ಪ ಯಾರನ್ನೂ ಕೊಲ್ಲಲಿಲ್ಲ. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಭಾನುವಾರ ಅವರನ್ನು ಸ್ಕೂಟರಿನಲ್ಲಿ ಬಿಟ್ಟ ನಾನು ಹಿಂದಿನ ಬೆಂಚಿನಲ್ಲೇ ಕೂತೆ. ಅವರು ಗಂಟಲು ಸರಿಮಾಡಿಕೊಂಡು ಓದಿದರು.

"ಮೀಸೆಯವನು ನನ್ನ ಎದುರಿಗೆ ಊಟಕ್ಕೆ ಕೂತನು. ಮುದ್ದೆಗೆ ತಾನೇ ತುಪ್ಪ ಬಡಿಸಿದನು. ಆಮೇಲೆ ನನ್ನ ಮುಖ ನೋಡಿ, ಚೆಪ್ಪು ಬಾವಾ, ಚೆಪ್ಪು, ಎಂದನು. ನಾನು ಎದ್ದೆನು."

ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಮುಂದೆ ಕೂತಿದ್ದಳು. ಮನೆಯ ಹೊಲವೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಸಿಕ್ಕ ಬಿಡುವಿನಲ್ಲಿ ಪ್ರೇಮದ ಕತೆ ಬರೆಯುವವಳು. ಅವಳು ಕತ್ತು ತಿರುಗಿಸಿ, "ಯಾಕ್ ಎದ್ರಿ ಸಾರ್?" ಎಂದಳು.

"ಯಾಕೆ ಅಂದ್ರೆ? ಚೆಪ್ಪು ಅಂದ್ರೆ ಚಪ್ಪಲಿ ಕಣಮ್ಮ. ನಂಗೆ ತೆಲುಗು ಬರಲ್ಲ ಅಂದ್ಕೊಂಡ್ಯಾ?"

ಪಾವಗಡದ ಕಡೆ ಬಹಳ ಜನರ ಮನೆಮಾತು ತೆಲುಗು, ಮಾವನದೂ ಅದೇ. ಚಿಕ್ಕಪ್ಪನ ತೆಲುಗಿನ ಬಗ್ಗೆ ಇಲ್ಲಿ ಹೇಳಲೇಬೇಕು. ಅದು ಹಿಂದೂಪುರದ ಅಂಗಡಿ ಬೀದಿಯಲ್ಲಿ ಕಲಿತ ತೆಲುಗು. ಬಿಯ್ಯಂ, ನೂನೆ, ಉಪ್ಪು, ಚೆಪ್ಪು, ಹೀಗೆ ಕೊಳ್ಳುವ ಸಾಮಾನಿನ ಹೆಸರುಗಳು ಮಾತ್ರ. ಕ್ರಿಯಾಪದ ಒಂದೂ ಇಲ್ಲ. ಅಂಗಡಿಯಲ್ಲಿ ಕ್ರಿಯಾಪದದ ಕೆಲಸವನ್ನು ತೋರುಬೆರಳೇ ಮಾಡುತ್ತದಲ್ಲ.

"ಚಪ್ಪಲಿನೂ ಹೌದು ಸಾರ್," ಎಂದಳು ಹುಡುಗಿ. "ಆದ್ರೆ ತುಪ್ಪ ಬಡಿಸ್ಬುಟ್ಟು ಚೆಪ್ಪು ಬಾವಾ ಅಂದ್ರೆ, ಹೇಳು ಬಾವ ಅಂತ. ಏನ್ ಸಮಾಚಾರ, ಹೆಂಗಿದೀಯಾ, ಹೇಳು ಅಂತ. ನಮ್ಮನೇಲಿ ಬೆಳಗೆದ್ರೆ ಇದೇ ಮಾತು."

ಸದಾ ತಮಾಷೆ ಮಾಡುವ ಸಾಹೇಬರು ಸುಮ್ಮನೆ ಚಿಕ್ಕಪ್ಪನ ಬೆನ್ನ ಮೇಲೆ ಕೈಯಿಟ್ಟರು.

ವಾಪಸು ಬರುವಾಗ ಚಿಕ್ಕಪ್ಪ ದಾರಿಯುದ್ದಕ್ಕೂ ಬೈದರು. ರಸ್ತೆಯ ಗುಂಡಿಗಳನ್ನು ಬೈದರು, ನನ್ನ ಸ್ಕೂಟರನ್ನು ಬೈದರು. "ಎರಡು ಅರ್ಥ ಇಟ್ಕೊಂಡು ಒಂದು ಮಾತು ಮಾಡವ್ರಲ್ಲಾ, ಅವ್ರಿಗೆ ಬುದ್ಧಿ ಬೇಡ್ವಾ?" ಎಂದು ಪೂರ್ತಿ ಆಂಧ್ರವನ್ನೇ ಬೈದರು. ನಾನೂ ಬಿಡಲಿಲ್ಲ. "ಅತ್ತೆ ಅವತ್ತೇ ಹೇಳಿದ್ರಲ್ಲ, ಪೂರ್ತಿ ಕೇಳ್ಸ್ಕೊಂಡಿದ್ರೆ ನಿಮ್ ಗಂಟೇನು ಹೋಗ್ತಿತ್ತು?" ಎಂದೆ. ಮೂರನೆಯ ಸಲ ಸಾಯಲು ಸಿದ್ಧನಾಗಿಯೇ ಹೇಳಿದ್ದು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಲೇ, ಪಾವಗಡದ ಬಸ್ಸು ಎಷ್ಟೊತ್ತಿಗ್ಲಾ?"

ಅತ್ತೆಯ ಮನೆ ಮುಂದೆ ಚಪ್ಪಲಿ ಬಿಟ್ಟವರು ಅದನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕಾಲಲ್ಲಿ ತಳ್ಳಿ ಬೆಂಚಿನ ಕೆಳಗೆ ಯಾರಿಗೂ ಕಾಣದ ಹಾಗೆ ಸರಿಸಿದರು. ಮಾವ ಜಗಲಿಯ ಕುರ್ಚಿಯಲ್ಲಿದ್ದರು, ಬಾಯಿ ಒಂದು ಕಡೆಗೆ ಜಾರಿತ್ತು. ಚಿಕ್ಕಪ್ಪ ನೆಲದ ಮೇಲೆ ಅವರ ಕಾಲ ಹತ್ತಿರ ಕೂತರು. ಒಳಗಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು, ಕೈಯಲ್ಲಿ ನೀರಿನ ಚೊಂಬು ಹಾಗೇ ಇತ್ತು.

ಚಿಕ್ಕಪ್ಪ ತಮ್ಮ ಜೀವನದ ಮೊದಲ ತೆಲುಗು ಕ್ರಿಯಾಪದವನ್ನು ಆಡಿದರು.

"ಚೆಪ್ಪು ಬಾವಾ."

ಮಾವನ ತುಟಿ ಅಲುಗಿತು. ಏನೋ ಒಂದು ಸದ್ದು ಹೊರಟು, ನಿಂತು, ಮತ್ತೆ ಹೊರಟಿತು. ಯಾರ ಮಾತನ್ನೂ ಪೂರ್ತಿ ಆಡಲು ಬಿಡದ ನಮ್ಮ ಚಿಕ್ಕಪ್ಪ, ಅವರ ಕೈ ಹಿಡಿದುಕೊಂಡು ಕೇಳುತ್ತಾ ಕೂತರು. ಅತ್ತೆ ತಂದಿಟ್ಟ ಮುದ್ದೆ ಆರಿತು. ಬಿಸಿಲು ಜಗಲಿ ದಾಟಿ ಬೀದಿಗೆ ಇಳಿಯಿತು.

"ಚಿಕ್ಕಪ್ಪ, ಕೊನೇ ಬಸ್ಸು ಹೊರಡುತ್ತೆ," ಎಂದೆ.

ಅವರು ತಿರುಗಿ ನೋಡಲೂ ಇಲ್ಲ.

"ಇರ್ಲಾ. ಬಾವ ಇನ್ನೂ ಹೇಳ್ತಾವ್ರೆ."