ಮುಂದೆ ಆಳೈತೆ, ನಿಧಾನ!

ನಮ್ಮ ಸೋದರಮಾವನಷ್ಟು ನಿಧಾನವಾಗಿ ಬ್ಯಾಟರಿ ಸ್ಕೂಟರ್ ಓಡಿಸುವವರು ನಮ್ಮ ಗಣಿಯೂರು ಕೋರಮಂಡಲ್ ಏಕೆ, ಇಡೀ ಭೂಮಂಡಲದಲ್ಲೇ ಸಿಗಲಿಕ್ಕಿಲ್ಲ! ಅವರ ಗಾಡಿ ಬಂದರೆ ದಾರಿಯಲ್ಲಿ ಮಲಗಿದ ನಾಯಿ ಏಳುವ ಮಾತಿರಲಿ, ಕಣ್ಣೂ ತೆರೆಯುವುದಿಲ್ಲ.

ನಮ್ಮ ಅತ್ತೆಗೆ ಕಿವಿ ಕೇಳದು. ಹೋದ ವರ್ಷ ಡೈರಿಗೆ ಹಾಲು ಹಾಕಲು ಕಾಲುದಾರಿಯಲ್ಲಿ ಹೋಗುವಾಗ, ಹಿಂದಿನಿಂದ ಸದ್ದಿಲ್ಲದೆ ಬಂದ ಬ್ಯಾಟರಿ ಗಾಡಿಯೊಂದು ತಾಗಿ, ಕ್ಯಾನಿನ ಸಮೇತ ಬಿದ್ದರು. ಬೇರೆಯವರಾದರೆ ಆ ಗಾಡಿಯ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. ಮಾವ ಹೋಗಿ ಅಂಥದ್ದೇ ಗಾಡಿ ತಂದರು! ‘ಇದು ಇಪ್ಪತ್ತೈದರ ಮೇಲೆ ಓಡಲ್ಲ ಸಾರ್’ ಎಂದು ಅಂಗಡಿಯವನು ಸಂಕೋಚದಿಂದ ಹೇಳಿದರೆ, ‘ಅಷ್ಟೊಂದು ಯಾಕಪ್ಪಾ?’ ಎಂದರಂತೆ.

ಚಿನ್ನದ ಗಣಿ ಮುಚ್ಚುವವರೆಗೂ ಮಾವ ಕೇಜನ್ನು, ಅಂದರೆ ಗಣಿಯ ಕಬ್ಬಿಣದ ತೊಟ್ಟಿಲನ್ನು, ನೆಲದಾಳಕ್ಕೆ ಇಳಿಸುವ, ಏರಿಸುವ ಎಂಜಿನ್ನಿನ ಡ್ರೈವರ್. ಕೇಜಿನಲ್ಲಿ ಕಲ್ಲಿದ್ದರೆ ಜೋರು, ಆಳುಗಳಿದ್ದರೆ ನಿಧಾನ; ಎರಡಕ್ಕೂ ಬೇರೆ ಬೇರೆ ಗಂಟೆ ಬಾರಿಸುತ್ತಿದ್ದರು. ಗಣಿ ಮುಚ್ಚಿದರೂ ಆ ನಿಯಮ ಮಾತ್ರ ಮುಚ್ಚಲಿಲ್ಲ. ಒಮ್ಮೆ ಬಂಗಾರಪೇಟೆ ರೈಲಿಗೆ ನನ್ನನ್ನು ಬಿಡಲು ಬಂದರು. ಸ್ಟೇಷನ್ ಮುಟ್ಟಿದಾಗ ರೈಲಿನ ಬಾಲವೂ ಕಾಣಲಿಲ್ಲ!

‘ಮಾವ, ನಿನ್ನೆ ಬೂಸಾ ಮೂಟೆ ಇಟ್ಕೊಂಡು ಜೋರಾಗಿ ಬಂದ್ರಲ್ಲ?’

‘ಅದು ಮೂಟೆ ಕಣ್ಲಾ. ನೀನು ಆಳು.’

ಬೂಸಾ ಮೂಟೆಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಮನುಷ್ಯ ನಾನೊಬ್ಬನೇ ಇರಬೇಕು.

ದೊಡ್ಡ ರಸ್ತೆಗಾದರೆ ವೇಗದ ಬೋರ್ಡು ಉಂಟು. ಕಾಲುದಾರಿಗೆ ಯಾರು ಹಾಕುತ್ತಾರೆ? ಮಾವನೇ ಬೋರ್ಡಾಗಿ ನಿಂತರು. ‘ಗಾಡಿ ಹತ್ತೇ’ ಎಂದು ಮಾವ ಎಷ್ಟು ಸನ್ನೆ ಮಾಡಿದರೂ ಅತ್ತೆ, ‘ನನ್ ಕಾಲು ಚೆನ್ನಾಗೇ ಅವೆ’ ಎಂದು ನಡೆದೇ ಹೊರಡುತ್ತಾರೆ. ಹಿಂದೆಯೇ ಮಾವ, ದಾರಿಯ ನಟ್ಟನಡುವೆ, ಅತ್ತೆಯ ನಡಿಗೆಯ ವೇಗದಲ್ಲಿ. ಅವರ ಹಿಂದೆ ಹಾರ್ನ್ ಹೊಡೆಯುವವರ ಮೆರವಣಿಗೆ!

‘ತಾತಾ, ಸೈಡ್ ಬಿಡಿ, ಡ್ಯೂಟಿಗೆ ಲೇಟಾಯ್ತದೆ!’

‘ಮುಂದೆ ಆಳೈತೆ, ನಿಧಾನ!’

ಬೈಗುಳ ಮಾವನಿಗೆ, ನೆಮ್ಮದಿ ಅತ್ತೆಗೆ. ಪಾಪ, ಅತ್ತೆಗೆ ಇದೊಂದೂ ತಿಳಿಯದು ಎಂದುಕೊಂಡಿದ್ದೆ. ಮೊನ್ನೆ ಡೈರಿ ಹತ್ತಿರ, ಮಾವ ಹಿಂದೆಯೇ ಬರುವುದು ಗೊತ್ತೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಅತ್ತೆ ನಕ್ಕರು.

‘ಗೊತ್ತಿಲ್ದೇನ್ಲಾ? ಬೆಳಿಗ್ಗೆ ಬಿಸ್ಲಿಗೆ ಅವ್ರ ನೆಳ್ಳು ನನ್ ಕಾಲತ್ರಾನೇ ಬತ್ತದೆ. ನಾನು ಬಿರಬಿರ್ನೆ ನಡುದ್ರೆ ಅವ್ರೂ ಜೋರಾಗಿ ಬರ್ಬೇಕಾಯ್ತದಲ್ಲ, ವಯಸ್ಸಾದೋರು, ಬಿದ್ಗಿದ್ದಾರು. ಅದ್ಕೇ ಮೆಲ್ಲಕೆ ನಡೀತೀನಿ.’

ಮರುದಿನ ರೈಲಿಗೆ ಹೊರಟಾಗ ಆಟೋ ಕರೆಯಲಿಲ್ಲ. ಬಹಳ ಮುಂಚೆಯೇ ಎದ್ದು, ಮಾವನ ಹಿಂದೆಯೇ ಹತ್ತಿ ಕೂತೆ.