ಮೇಲೆ ನಿಂತದ್ದು ಯಾರು?

ರೇಖಾಗಣಿತ ಕಲಿಸುವವನಿಗೆ ಗೆರೆ ಹಾಕುವುದನ್ನು ಇನ್ನೊಬ್ಬರು ಹೇಳಿಕೊಡಬಾರದು ಎಂಬುದು ನನ್ನ ಹಳೆಯ ಕಾಯಿಲೆ. ಅದಕ್ಕೆ ಮದ್ದಿಲ್ಲ. ಬಂಟ್ವಾಳದ ಹೈಸ್ಕೂಲಿನಲ್ಲಿ ಅಡಿಕೋಲು ಮುಟ್ಟದೆ ಕರಿಹಲಗೆಯ ಮೇಲೆ ನೆಟ್ಟಗೆ ಗೆರೆ ಎಳೆದು, ತಿರುಗಿ ಮಕ್ಕಳ ಮುಖ ನೋಡುವುದು ನನ್ನ ದೊಡ್ಡ ಸುಖವಾಗಿತ್ತು. ಕರಿಹಲಗೆಗೆ ಬರೆಯುವ ಮುಖ ಒಂದೇ. ಮರದ ಹಲಗೆಗೆ ಹಾಗಲ್ಲ ಎಂದು ಕಲಿಯಲು ನಾನು ಕೊಟ್ಟ ಫೀಸು ಸಣ್ಣದಲ್ಲ.

ನನ್ನ ಹೆಂಡತಿ ಲೀಲಾಳ ತವರು ಬೆಳ್ತಂಗಡಿ ಹತ್ತಿರದ ಲಾಯಿಲ. ಚಿಕ್ಕಂದಿನಲ್ಲಿ ಅವಳು ಹತ್ತಿ, ಬಿದ್ದು, ಮಂಡಿ ಒಡೆದುಕೊಂಡ ಹಲಸಿನ ಮರವೊಂದು ಅಲ್ಲಿತ್ತು. ಗಾಳಿಗೆ ಅದು ಉರುಳಿದಾಗ ಅವಳು ಕೇಳಿ ಪಡೆದದ್ದು ದಪ್ಪನೆಯ ಒಂದು ಹಲಗೆ. ಅದನ್ನು ದಪ್ಪದ ನಡುವೆ ಸೀಳಿ ಪುಸ್ತಕದಂತೆ ಬಿಡಿಸಿದರೆ ಎರಡೂ ಕಡೆ ಒಂದೇ ಚಿತ್ತಾರ ಎದುರುಬದುರು ಬರುತ್ತದೆ. ಗೋಡೆ ಕಪಾಟಿಗೆ ಅಂಥ ಜೋಡಿ ಬಾಗಿಲು ಮಾಡಿಕೊಡುತ್ತೇನೆಂದು ಬಾಬು ಆಚಾರಿ ಅವಳಿಗೆ ಮಾತು ಕೊಟ್ಟಿದ್ದರು. ಊರಿಗೇ ಹೆಸರಾದ ಬಡಗಿ. ಆದರೆ ಅವರ ‘ನಾಳೆ’ ಯಾವ ಪಂಚಾಂಗದಲ್ಲೂ ಇರಲಿಲ್ಲ. “ನಾಳೆ ಬರ್ತೇನೆ ಮಾಸ್ಟ್ರೇ, ಸತ್ಯವಾಗಿ ಬರ್ತೇನೆ” ಎನ್ನುತ್ತಲೇ ಎರಡು ತಿಂಗಳು ಕಳೆಯಿತು.

ಆಗ ಲೀಲಾಳ ತಮ್ಮ ಸುಂದರ ನಮ್ಮ ಮನೆಯಲ್ಲಿದ್ದ. ಇಪ್ಪತ್ತೆರಡು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲು. ಎರಡನೆಯ ಸಲ ನಾನೇ ಪಾಠ ಹೇಳಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವನಿಗೆ ಮರದ ಕೆಲಸವೆಂದರೆ ಪ್ರಾಣ. “ಈ ಕಪಾಟಿನ ಕೆಲಸದಲ್ಲಿ ಅವನ ಕೈ ನೋಡುವ. ಸರಿ ಕಂಡರೆ ನನ್ನೊಟ್ಟಿಗೆ ಸೇರಿಸಿಕೊಳ್ತೇನೆ” ಎಂದು ಆಚಾರಿ ಹೇಳಿದ್ದರು. ಅವನ ಜೀವವೆಲ್ಲ ಆ ಮಾತಿನ ಮೇಲೆಯೇ ಇತ್ತು.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ಇಬ್ಬರು ಎಳೆಯುವ ಗರಗಸ ಎರವಲು ತಂದೆ. ಎತ್ತರದ ಎರಡು ಆಸರೆಗಳ ಮೇಲೆ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಬಿಗಿದೆವು. ಒಬ್ಬ ಮೇಲೆ ನಿಂತು ಗರಗಸ ನಡೆಸಬೇಕು, ಒಬ್ಬ ಕೆಳಗೆ ನಿಂತು, ಉದುರುವ ಹುಡಿಯಲ್ಲಿ ಮೀಯುತ್ತ ಎಳೆಯಬೇಕು. ಬಿ.ಎ. ಆದವನು ಕೆಳಗೆ ನಿಲ್ಲುವುದುಂಟೇ? ನಾನು ಮೇಲೇರಿ, ಮಸಿ ಹಚ್ಚಿದ ನೂಲು ಬಡಿದು ಗೆರೆ ಹಾಕಿದೆ.

“ಭಾವ, ಅಡಿಯ ಅಂಚಿಗೂ ಒಂದು ಗೆರೆ ಬೇಡವಾ?” ಎಂದ ಸುಂದರ.

“ಮೇಲೆ ನೆಟ್ಟಗೆ ಹೋದದ್ದು ಕೆಳಗೆ ಬೇರೆಲ್ಲಿಗೆ ಹೋಗ್ತದೆ ಮಾರಾಯ? ಎಳೆ ನೀನು.”

ಅರ್ಧ ದಾರಿಯಲ್ಲಿ ಮತ್ತೆ ಕೂಗಿದ: “ಭಾವ, ಇಲ್ಲಿ ಓರೆ ಹೋಗ್ತಾ ಉಂಟು!”

“ನನಗೆ ಇಲ್ಲಿ ಸರಿ ಕಾಣ್ತಾ ಉಂಟು!”

ಹಲಗೆ ಎರಡಾಯಿತು. ಒಂದು ಕೆಳಗೆ ಹೋಗುತ್ತ ದಪ್ಪವಾಗಿತ್ತು, ಇನ್ನೊಂದು ಕೆಳಗೆ ಹಪ್ಪಳವಾಗಿತ್ತು. ಇಳಿಸುವಾಗಲೇ ಹಪ್ಪಳ ಉದ್ದಕ್ಕೆ ಬಿರಿದು ತುಂಡಾಯಿತು. ಲೀಲಾ ಅಂಗಳಕ್ಕೆ ಬಂದು ತುಂಡುಗಳನ್ನು ಕೂಡಿಸಿ ನೋಡಿದಳು. “ಆ ಮರ ಇನ್ನೊಂದಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ತಿಂಗಳು ಬಾರದ ಆಚಾರಿ ಆ ಗಳಿಗೆಯಲ್ಲೇ ಬರಬೇಕೇ! ಹಲಗೆಯನ್ನು ತಿರುವಿ ನೋಡಿದರು. “ಅಡಿಗೆ ಗೆರೆ ಹಾಕ್ಲಿಲ್ಲ. ಗೆರೆಯ ಜವಾಬ್ದಾರಿ ಮೇಲಿನವನದ್ದು. ಮೇಲೆ ನಿಂತದ್ದು ಯಾರು?”

ದಿನವೂ ಮಕ್ಕಳಿಗೆ ನಿಜ ಹೇಳಿ ಎನ್ನುವ ಬಾಯಿ ಇದು. “ಸುಂದರ” ಎಂದಿತು.

ಸುಂದರ ನನ್ನ ಮುಖ ನೋಡಿದ. “ಹೌದು, ನಾನೇ” ಎಂದ. ಅವನ ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಹಲಸಿನ ಹಳದಿ ಹುಡಿ. ಕಣ್ಣು ಕೆಂಡದ ಬಣ್ಣ. ಎಣ್ಣೆ ಹಾಕಿ ಬಾಚಿದ ನನ್ನ ತಲೆ ಮಾತ್ರ ಬಿಸಿಲಿಗೆ ಮಿರುಗುತ್ತಿತ್ತು. ಆಚಾರಿ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಕಣ್ಣು ತೊಳ್ಕೊ ಮಗಾ. ನಾಳೆಯಿಂದ ಕೆಲಸಕ್ಕೆ ಬಾ” ಎಂದರು.

ಕಪಾಟಿಗೆ ಒಂದು ಬಾಗಿಲು ಹಲಸಿನದು, ಇನ್ನೊಂದು ಮಾವಿನದು ಆಯಿತು. ಸುಂದರ ದೊಡ್ಡ ಕೆಲಸಗಾರನಾದ. ಅವನು ಕೂಡಿಸಿದ ಸಂದಿನೊಳಗೆ ಕೂದಲೂ ತೂರದು ಎಂದು ಮೂಡಬಿದಿರೆಯವರೂ ಕರೆಯತೊಡಗಿದರು. ನನ್ನನ್ನು ಕಂಡರೆ ಅದೇ ನಗು, ಅದೇ “ಭಾವ.” ಆ ಸುದ್ದಿ ಮಾತ್ರ ಎತ್ತಲಿಲ್ಲ. ಕನ್ನಡಕಕ್ಕೆಂದು ಕಪಾಟು ತೆರೆದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ನಾಳೆಗೆ ಹಾಕುವುದು. ಆಚಾರಿಯ ‘ನಾಳೆ’ಯನ್ನು ಆಡಿಕೊಂಡ ನಾನು ಹನ್ನೊಂದು ವರ್ಷ ಹಾಗೆಯೇ ಕಳೆದೆ.

ಮೊನ್ನೆಯ ನೆರೆಯಲ್ಲಿ ನೇತ್ರಾವತಿ ಒಳಕೋಣೆಯವರೆಗೆ ಬಂದು ಮಾವಿನ ಬಾಗಿಲನ್ನು ಕೆಡಿಸಿ ಹೋಯಿತು. ಸುಂದರ ಹಲಸಿನ ಹಲಗೆ ಹೊರಿಸಿಕೊಂಡು ಬಂದ. ಅದನ್ನು ಸೀಳಲು ಗರಗಸದ ಇನ್ನೊಂದು ತುದಿ ಹಿಡಿಯುವ ಆಳು ಬಂದಿರಲಿಲ್ಲ. ನಾನು ಪಂಚೆ ಎತ್ತಿ ಕಟ್ಟಿ, “ನಾನು ಕೆಳಗೆ ನಿಲ್ತೇನೆ” ಎಂದೆ. ಅವನು ಬೇಡವೆನ್ನಲಿಲ್ಲ. ಮೊದಲು ಅಡಿಯ ಅಂಚಿಗೆ ಗೆರೆ ಹಾಕಿ, ಆಮೇಲೆ ಮೇಲೇರಿದ.

ನಾಲ್ಕು ಎಳೆತಕ್ಕೇ ಕಣ್ಣು ತುಂಬ ಹುಡಿ. ಮುಖ ಎತ್ತಿ ಹೇಳಿದೆ: “ಸುಂದರ, ಆವತ್ತು ಮೇಲೆ ನಿಂತದ್ದು ನಾನು. ತಪ್ಪಾಯ್ತು ಮಾರಾಯ.”

ಗರಗಸ ಒಂದು ಕ್ಷಣ ನಿಂತಿತು.

“ಕೆಳಗಿದ್ದವರು ಮಾತಾಡ್ಬಾರ್ದು ಭಾವ, ಬಾಯಿಗೆ ಹುಡಿ ಬೀಳ್ತದೆ. ಎಳೀರಿ” ಎಂದ.

ಅಷ್ಟರಲ್ಲಿ ಬಿದ್ದಾಗಿತ್ತು. ಉಗುಳಲು ಮನಸ್ಸಾಗಲಿಲ್ಲ, ನುಂಗಿಕೊಂಡು ಎಳೆದೆ.